ಕಟ್ಟಿಗೆ ಸ್ಟ್ಯಾಂಡಿಗೆ ಗೋಡೆ ಬೇಡ, ಗಾಳಿ ಬೇಕು

ಈ ಸಲದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ಟಿಗೆಯದ್ದೇ. ಕಾಲವೂ ಹಾಗಿದೆ ಬಿಡಿ. ಅಡಿಕೆ ಕೊಯ್ಲು ಮುಗಿದಿದೆ, ಕಾಫಿ ಕಣದಿಂದ ಮೇಲೆದ್ದಿದೆ, ನೆರಳಿನ ಮರಗಳ ಕೊಂಬೆ ಕಡಿಸುವ ದಿನ ಹತ್ತಿರ ಬಂತು. ಜೂನ್ ಮೊದಲ ವಾರದೊಳಗೆ ಒಣಗಿಸಿ ಒಟ್ಟಿಡದಿದ್ದರೆ ಆಮೇಲೆ ನಾಲ್ಕು ತಿಂಗಳು ಒಲೆ ಮುಂದೆ ಕೂತು ಊದುವುದೇ ಕೆಲಸ. ನಾನು ಕಸುಬಿನ ಬಡಗಿಯಲ್ಲ. ಮಾವ ಗರಗಸ ಹಿಡಿಯುವುದನ್ನು ಕಲಿಸಿದರು. ಕೊಪ್ಪದ ಹತ್ತಿರದ ನಮ್ಮ ಮನೆಗೆ ಬೇಕಾದ ಸಣ್ಣಪುಟ್ಟದ್ದನ್ನು ಈಗಲೂ ನಾನೇ ಮಾಡಿಕೊಳ್ಳುತ್ತೇನೆ. ಆ ಅನುಭವದಲ್ಲೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮದು ಮೂಡಿಗೆರೆ ಕಡೆ ಸಣ್ಣ ಹೋಂಸ್ಟೇ. ಹೋದ ವರ್ಷ ಕಣಿವೆ ಕಡೆಗೆ ಮರದ ಡೆಕ್ (ತೊಲೆ ಮೇಲೆ ಹಲಗೆ ಹಾಸಿದ ತೆರೆದ ಜಗಲಿ) ಮಾಡಿಸಿದೆವು. ಅತಿಥಿಗಳಿಗೆ ಸಂಜೆ ಬೆಂಕಿ ಹಾಕಿಕೊಡಲು ಕಟ್ಟಿಗೆ ಅಲ್ಲೇ ಇದ್ದರೆ ಅನುಕೂಲ. ಗೋಡೆಗೆ ಒರಗಿಸಿ ಒಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಟ್ಟಿಗೆಯೂ ಬೂಸ್ಟು, ಡೆಕ್ಕಿನ ಹಲಗೆಯೂ ಕಪ್ಪು. ನಾನೇ ಮಾಡಿಕೊಳ್ಳಬಹುದಾದ ಒಂದು ಸ್ಟ್ಯಾಂಡ್ ಹೇಳಿಕೊಡ್ತೀರಾ? ವೆಲ್ಡಿಂಗ್ ಬರುವುದಿಲ್ಲ. ಗರಗಸ, ಡ್ರಿಲ್ ಇದೆ.

ಉತ್ತರ: ಆ ನೀಲಿ ಪ್ಲಾಸ್ಟಿಕ್ ಮೊದಲು ತೆಗೆಯಿರಿ ತಮ್ಮಾ. ನಿಮ್ಮ ಕಟ್ಟಿಗೆ ಹಾಳಾಗಿದ್ದು ಮಳೆಯಿಂದಲ್ಲ, ಅದರಿಂದ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಅದು ಹೊರಗೆ ಹೋಗಲೇಬೇಕು. ಸುತ್ತ ಬಿಗಿಯಾಗಿ ಹೊದಿಸಿದರೆ ಕಟ್ಟಿಗೆ ಬಿಟ್ಟ ನೀರು ಪ್ಲಾಸ್ಟಿಕ್ಕಿನ ಒಳಮೈಗೆ ಹನಿಯಾಗಿ ಕೂತು ಮತ್ತೆ ಕಟ್ಟಿಗೆ ಮೇಲೇ ಬೀಳುತ್ತದೆ. ತಲೆ ಮೇಲೊಂದು ತಗಡು, ಕೆಳಗೆ ಐದಾರು ಇಂಚು ಜಾಗ, ಹಿಂದೆ ಒಂದು ಗೇಣು ಜಾಗ ಇದ್ದರೆ ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ.

ಇನ್ನು ಸ್ಟ್ಯಾಂಡ್. 3 ಇಂಚು ಅಗಲ, 2 ಇಂಚು ದಪ್ಪದ ಮರ ಒಟ್ಟು 40 ಅಡಿ ಬೇಕು. ಕೊಯ್ದದ್ದರಲ್ಲಿ ಹಾಳಾಗುವುದನ್ನೂ ಸೇರಿಸಿ 42 ಅಡಿ ತನ್ನಿ. ನಮ್ಮ ಕಡೆ ಸಾ ಮಿಲ್ಲಿನಲ್ಲಿ ಅಕೇಶಿಯಾ ಸುಲಭವಾಗಿ ಸಿಗುತ್ತದೆ, ಈ ಕೆಲಸಕ್ಕೆ ಧಾರಾಳವಾಯಿತು. ಸಿಲ್ವರ್ ಓಕ್ ತರಬೇಡಿ. ಒಳಗಿನ ಪೀಠೋಪಕರಣಕ್ಕೆ ಅದು ಚೆನ್ನ, ಹೊರಗೆ ಮಳೆಗೆ ನಿಲ್ಲುವ ಮರವಲ್ಲ.

ತುಂಡು ಮಾಡುವ ಲೆಕ್ಕ ಹೀಗೆ. ಕಟ್ಟಿಗೆ ಕೂರುವ ಅಡ್ಡ ಮರ, ಅಂದರೆ ಅಡಿಗಂಬ ಎರಡು, ತಲಾ 6 ಅಡಿ. ಅವುಗಳ ಕೆಳಗೆ ಕಾಲುಪಟ್ಟಿ ಮೂರು, ತಲಾ ಒಂದೂವರೆ ಅಡಿ. ನಿಲುಗಂಬ ನಾಲ್ಕು, ತಲಾ ಮೂರೂವರೆ ಅಡಿ. ನಿಲುಗಂಬದ ತಲೆಗಳನ್ನು ಜೋಡಿಸಲು ಒಂದೂವರೆ ಅಡಿಯದ್ದು ಎರಡು. ಓರೆಗಂಬ ನಾಲ್ಕು, ಅವೂ ಸುಮಾರು ಒಂದೂವರೆ ಅಡಿ.

ಕಾಲುಪಟ್ಟಿಗಳನ್ನು ಮಲಗಿಸಿಡಿ. ಎರಡೂ ತುದಿಯ ನಿಲುಗಂಬದ ಜೋಡಿಗಳ ಕೆಳಗೆ ಒಂದೊಂದು, ನಡುವೆ ಒಂದು. ಅವುಗಳ ಮೇಲೆ ಎರಡು ಅಡಿಗಂಬಗಳನ್ನು ಸಪಾಟಾಗಿ ಇಡದೆ ಅಂಚಿನ ಮೇಲೆ ನಿಲ್ಲಿಸಿ. ಮೂರು ಇಂಚಿನ ಮುಖ ಎದ್ದು ನಿಲ್ಲಬೇಕು. ಮಲಗಿಸಿದರೆ ಅದೇ ಮರ ಭಾರಕ್ಕೆ ಬಾಗುತ್ತದೆ. ಎರಡರ ನಡುವೆ 10 ಇಂಚು ಬಿಡಿ. ಎರಡೂ ತುದಿಯಿಂದ ಒಂದೊಂದು ಅಡಿ ಒಳಗೆ, ಅಡಿಗಂಬದ ಹೊರಮೈಗೆ ನಿಲುಗಂಬ ಹಚ್ಚಿ. ನಿಲುಗಂಬದ ಬುಡವೂ ಕಾಲುಪಟ್ಟಿಯ ಮೇಲೆಯೇ ಊರಿರಬೇಕು. ಒಂದೊಂದು ಸಂದಿಗೂ ಮೂಲೆಯಿಂದ ಮೂಲೆಗೆ ಬರುವ ಹಾಗೆ ಎರಡು ನೇರ ತೂತು, 10 ಎಂ.ಎಂ. ದಪ್ಪ 5 ಇಂಚು ಉದ್ದದ ಬೋಲ್ಟು, ಎರಡೂ ಕಡೆ ವಾಷರ್. ಸತುವಿನ ಲೇಪದ ಜಿಐ ಬೋಲ್ಟೇ ಕೇಳಿ. ಕಪ್ಪು ಬೋಲ್ಟು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ನಟ್ಟು ಬಿಚ್ಚಲಾರದ ಹಾಗೆ ಆಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ: ಕಟ್ಟಿಗೆಯ ಭಾರ ಬೋಲ್ಟಿನ ಮೇಲೆ ನೇತಾಡಬಾರದು, ಮರದ ಮೇಲೆ ಮರ ಕೂತು ನೆಲಕ್ಕೆ ಇಳಿಯಬೇಕು. ಬೋಲ್ಟು ಇರುವುದು ಅಲುಗದ ಹಾಗೆ ಹಿಡಿಯಲಿಕ್ಕೆ ಅಷ್ಟೇ.

ಜನ ಬಿಟ್ಟುಬಿಡುವುದು ಓರೆಗಂಬವನ್ನು. ಖಾಲಿ ಇದ್ದಾಗ ಸ್ಟ್ಯಾಂಡ್ ಗಟ್ಟಿಯಾಗಿಯೇ ಕಾಣುತ್ತದೆ, ಇದೊಂದು ಯಾಕೆ ಅನ್ನಿಸುತ್ತದೆ. ಆದರೆ ಕಟ್ಟಿಗೆ ಕೆಳಕ್ಕಷ್ಟೇ ಭಾರ ಬಿಡುವುದಿಲ್ಲ. ಸೀಳಿದ ತುಂಡುಗಳು ಒಂದನ್ನೊಂದು ಜಾರಿಸುತ್ತಾ ಪಕ್ಕಕ್ಕೂ ತಳ್ಳುತ್ತವೆ. ಎರಡೂ ತುದಿಯ ನಿಲುಗಂಬ ನಿಧಾನವಾಗಿ ಹೊರಕ್ಕೆ ಬಾಯಿ ಬಿಡುತ್ತವೆ. ಅದಕ್ಕೇ ಅಡಿಗಂಬವನ್ನು ತುದಿಯಲ್ಲಿ ಒಂದಡಿ ಉದ್ದ ಬಿಟ್ಟಿದ್ದು. ಆ ಉಳಿದ ಒಂದಡಿಯ ತುದಿಯಿಂದ ನಿಲುಗಂಬಕ್ಕೆ, ಒಂದಡಿ ಎತ್ತರಕ್ಕೆ, ಹೊರಗಿನಿಂದ ಓರೆಗಂಬ ಆನಿಸಿ. ಕೆಳತುದಿಗೆ ಬೋಲ್ಟು ಬೇಕು. ಮೇಲ್ತುದಿಯನ್ನು ಓರೆಯಾಗಿ ಕೊಯ್ದು ನಿಲುಗಂಬಕ್ಕೆ ಒತ್ತಿ ಕೂರಿಸಿ ಒಂದು ಸ್ಕ್ರೂ ಹಾಕಿದರೆ ಸಾಕು. ನಿಲುಗಂಬ ಹೊರಕ್ಕೆ ತಳ್ಳಿದಷ್ಟೂ ಅದು ಬಿಗಿಯಾಗುತ್ತದೆ. ಅಕೇಶಿಯಾಕ್ಕೆ ತೂತು ಹೊಡೆಯದೆ ಸ್ಕ್ರೂ ಹಾಕಬೇಡಿ, ತುದಿ ಸೀಳಿಬಿಡುತ್ತದೆ.

ಕಾಲುಪಟ್ಟಿಯ ಅಡಿಗೆ ಹಳೇ ಟಯರಿನ ತುಂಡು ಕತ್ತರಿಸಿ ಇಡಿ. ಮರದ ಮೇಲೆ ಮರ ಕೂತರೆ ಆ ಸಂದಿಯಲ್ಲಿ ನೀರು ನಿಂತು ಡೆಕ್ಕಿನ ಹಲಗೆ ಮತ್ತೆ ಕಪ್ಪಾಗುತ್ತದೆ. ತಲೆ ಮೇಲೆ ತಗಡು ಹಾಕುವಾಗ ಹಿಂಬದಿ ಎರಡು ಇಂಚು ಎತ್ತರಿಸಿ, ನೀರು ಮುಂದಕ್ಕೆ ಹರಿಯಲಿ. ಸುತ್ತ ಅರ್ಧ ಅಡಿ ಹೊರಚಾಚಿರಲಿ. ನಿಮ್ಮ ಡೆಕ್ ಪಡುವಣಕ್ಕೆ ತೆರೆದಿದ್ದರೆ ಎರಚಲು ಅಡ್ಡ ಹೊಡೆಯುತ್ತದೆ. ಆ ಒಂದು ಕಡೆಗೆ ಮಾತ್ರ ಅಡಿಕೆ ಸೋಗೆಯ ತಟ್ಟಿ ಕಟ್ಟಿ. ತಟ್ಟಿ ನೀರು ತಡೆಯುತ್ತದೆ, ಗಾಳಿ ಬಿಡುತ್ತದೆ. ನೋಡಲಿಕ್ಕೂ ಪ್ಲಾಸ್ಟಿಕ್ಕಿಗಿಂತ ಲಕ್ಷಣ. ನಿಮ್ಮ ಅತಿಥಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದಿದ್ದರೆ ಕೇಳಿ.

ಈ ಸ್ಟ್ಯಾಂಡ್ ತುಂಬಿದರೆ ಒಣಕಟ್ಟಿಗೆಯೇ ಸುಮಾರು 200 ಕೆ.ಜಿ. ಹಿಡಿಯುತ್ತದೆ. ಹಸಿಯಾದರೆ ಇನ್ನೂ ಜಾಸ್ತಿ. ಡೆಕ್ ಮಾಡಿದ ಮೇಸ್ತ್ರಿಯನ್ನು ಕರೆದು ಕೆಳಗಿನ ತೊಲೆ ಎಲ್ಲಿ ಹೋಗಿದೆ ಎಂದು ಕೇಳಿ, ಸ್ಟ್ಯಾಂಡ್ ಅದರ ಮೇಲೇ ಬರುವ ಹಾಗೆ ಇಡಿ. ಕಣಿವೆ ಕಡೆಯ ತುದಿಯಲ್ಲಂತೂ ಬೇಡವೇ ಬೇಡ. ಜನ ಬರ್ತಾರೆ ಹೋಗ್ತಾರೆ, ಈ ಭಾರ ವರ್ಷವಿಡೀ ಒಂದೇ ಕಡೆ ಕೂತಿರುತ್ತದೆ. ಡೆಕ್ಕಿನ ಮೇಲೆ ನಾಲ್ಕಾರು ಸಂಜೆಗೆ ಬೇಕಾದಷ್ಟು ಮಾತ್ರ ಇಟ್ಟುಕೊಳ್ಳಿ, ಉಳಿದದ್ದು ಕೆಳಗೆ ಕೊಟ್ಟಿಗೆಯಲ್ಲಿರಲಿ. ಬೆಂಕಿ ಹಾಕುವುದು ಮಣ್ಣಿನ ಅಂಗಳದಲ್ಲಿ, ಸ್ಟ್ಯಾಂಡಿನಿಂದ ಹತ್ತು ಹದಿನೈದು ಅಡಿ ಆಚೆ. ಡೆಕ್ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಬೆಂಕಿ ಹಾಕುವ ಹೊಸ ಶೋಕಿ ಕೆಲವು ಕಡೆ ನೋಡಿದ್ದೇನೆ. ನನಗಂತೂ ಅದು ಸರಿ ಕಾಣುವುದಿಲ್ಲ. ಒಂದು ಕಿಡಿ ಹಲಗೆಯ ಸಂದಿಗೆ ಇಳಿದರೆ ಕೆಳಗಿನ ತರಗೆಲೆಗೆ ಹತ್ತಿದ್ದು ಮೇಲಿದ್ದವರಿಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಮೇಡಂ, ಕಟ್ಟಿಗೆ ಒಣಗಿದೆಯೋ ಇಲ್ಲವೋ ಗೊತ್ತು ಮಾಡಿಕೊಳ್ಳುವುದು ಹೇಗೆ? ಮಾರುವವರು ಎಲ್ಲವನ್ನೂ ಒಣಗಿದ್ದು ಅಂತಲೇ ಕೊಡ್ತಾರೆ. (ತೀರ್ಥಹಳ್ಳಿ)

ಉತ್ತರ: ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಠಣ್ ಅನ್ನುತ್ತದೆ, ಹಸಿ ದಬ್ ಅನ್ನುತ್ತದೆ. ಕೊಯ್ದ ಮುಖದಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು, ತೊಗಟೆ ಉಗುರಿಗೆ ಏಳಬೇಕು. ಅಷ್ಟಕ್ಕೂ ಅನುಮಾನವಿದ್ದರೆ ಒಂದು ತುಂಡನ್ನು ಸೀಳಿ, ಒಳಮೈಯನ್ನು ಕೆನ್ನೆಗೆ ಹಿಡಿಯಿರಿ. ತಣ್ಣಗಿದ್ದರೆ ಇನ್ನೂ ನೀರಿದೆ. ನಮ್ಮ ಅತ್ತೆ ಅಂಗಳದಲ್ಲಿ ಲಾರಿ ನಿಲ್ಲಿಸಿಕೊಂಡೇ ಹೀಗೆ ಕೆನ್ನೆಗೆ ಹಿಡಿದು ನೋಡುತ್ತಿದ್ದರು. ಕಟ್ಟಿಗೆಯವನು ನಗುತ್ತಿದ್ದ. ಮುಂದಿನ ಲೋಡು ಮಾತ್ರ ಒಣಗಿದ್ದೇ ತರುತ್ತಿದ್ದ.

ಇನ್ನೂ ಖಾತ್ರಿ ಬೇಕಾದರೆ ತಕ್ಕಡಿ ಇದೆ. ಒಂದು ತುಂಡಿಗೆ ಗುರುತು ಹಾಕಿ ಒಟ್ಟಿನ ನಡುವೆ ಇಟ್ಟು ವಾರಕ್ಕೊಮ್ಮೆ ತೂಗಿ. ಇಳಿಯುವುದು ನಿಂತಿತು ಅಂದರೆ ಆ ಹವೆಯಲ್ಲಿ ಒಣಗುವಷ್ಟು ಒಣಗಿತು ಅಂತ. ಚೆನ್ನಾಗಿ ಉರಿಯಲು ನೀರಿನಂಶ 20 ಶೇಕಡಾಕ್ಕಿಂತ ಕೆಳಗೆ ಬರಬೇಕು. ಉಂಡೆ ಕಟ್ಟಿಗೆಯನ್ನು ಹಾಗೇ ಒಟ್ಟಿದರೆ ಇದು ಬೇಗ ಆಗುವ ಮಾತಲ್ಲ, ತೊಗಟೆ ನೀರನ್ನು ಬಿಡುವುದೇ ಇಲ್ಲ. ಮರದೊಳಗಿನ ನೀರು ಹೆಚ್ಚಾಗಿ ಹೋಗುವುದು ಕೊಯ್ದ ತುದಿಗಳಿಂದ. ಅದಕ್ಕೆ ಮೊದಲು ಗಿಡ್ಡ ಮಾಡಿ, ಸೀಳಿ, ಆಮೇಲೆ ಒಟ್ಟಿ. ಒಟ್ಟುವಾಗ ತುದಿಗಳು ಗಾಳಿ ಬರುವ ದಿಕ್ಕಿಗಿರಲಿ. ಎಲ್ಲಕ್ಕಿಂತ ಮೇಲಿನ ಸಾಲು ತೊಗಟೆ ಮೇಲಾಗಿ ಇರಲಿ, ಅದೇ ಸಣ್ಣ ಹಂಚಿನ ಕೆಲಸ ಮಾಡುತ್ತದೆ.

ಪ್ರಶ್ನೆ: ಅಕ್ಕ, ನಾವು ಅಮೆರಿಕದ ಮಿಶಿಗನ್‌ನಲ್ಲಿದ್ದೇವೆ, ಮೂಲ ಶಿವಮೊಗ್ಗ. ಇಲ್ಲಿ ಚಳಿಗಾಲಕ್ಕೆ ಒಂದು ಕಾರ್ಡ್ ಓಕ್ ಕಟ್ಟಿಗೆ ತರಿಸೋಣ ಅಂತಿದ್ದೇವೆ. ಹಿಮದಲ್ಲಿ ನಡೆಯುವುದು ತಪ್ಪಲಿ ಅಂತ ಅಡುಗೆಮನೆ ಹಿಂದಿನ ಡೆಕ್ ಮೇಲೇ ಪೂರ್ತಿ ಒಟ್ಟಬಹುದಾ?

ಉತ್ತರ: ಬೇಡಮ್ಮಾ. ನಿಮ್ಮ ಊರು ನಾನು ನೋಡಿಲ್ಲ, ಆದರೆ ತೂಕದ ಲೆಕ್ಕ ಎಲ್ಲ ಕಡೆ ಒಂದೇ. ಒಂದು ಕಾರ್ಡ್ ಅಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ. 128 ಘನ ಅಡಿ. ಒಣಗಿದ ಓಕ್ ಅಷ್ಟಿದ್ದರೆ ಮೂರೂವರೆ ಸಾವಿರ ಪೌಂಡ್ ಆಸುಪಾಸು. ಅದು ಕೂರುವ ಜಾಗ 32 ಚದರ ಅಡಿ. ಭಾಗಿಸಿ ನೋಡಿ, ಚದರ ಅಡಿಗೆ ನೂರು ಪೌಂಡ್ ದಾಟಿತು. ನಿಮ್ಮಲ್ಲಿ ಮನೆಯ ಡೆಕ್ಕುಗಳನ್ನು ಸಾಮಾನ್ಯವಾಗಿ ಚದರ ಅಡಿಗೆ 40 ಪೌಂಡ್ ಲೆಕ್ಕದಲ್ಲಿ ಕಟ್ಟುತ್ತಾರೆ. ಅದರ ಮೇಲೆ ಹಿಮ ಬೇರೆ ಬೀಳುತ್ತದಲ್ವಾ?

ಪೂರ್ತಿ ಕಾರ್ಡನ್ನು ಹಿತ್ತಲಿನ ನೆಲದ ಮೇಲೆ, ಮನೆಗೋಡೆಯಿಂದ ದೂರ ಒಟ್ಟಿಸಿ. ಮೂಡಿಗೆರೆಯವರಿಗೆ ಹೇಳಿದ ಸ್ಟ್ಯಾಂಡನ್ನೇ ಚಿಕ್ಕದಾಗಿ, ನಿಲುಗಂಬ ಎರಡೂವರೆ ಅಡಿಗೆ ಇಳಿಸಿ ಮಾಡಿಕೊಂಡು ಡೆಕ್ಕಿನಲ್ಲಿ ವಾರಕ್ಕಾಗುವಷ್ಟು ಇಟ್ಟುಕೊಳ್ಳಿ. ಅದೂ ಕೆಳಗೆ ಕಂಬವೋ ತೊಲೆಯೋ ಇರುವ ಕಡೆ. ನಿಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಔಷಧಿ ಹಾಕಿದ ಮರದಲ್ಲೇ ಮಾಡಿ. ಆದರೆ ಕೊಯ್ದು ಉಳಿದ ಚೂರುಗಳನ್ನು ಒಲೆಗೆ ಹಾಕಬೇಡಿ. ಅದರ ಹೊಗೆಯೂ ವಿಷ, ಬೂದಿಯೂ ವಿಷ. ಇನ್ನೊಂದು, ಓಕ್ ನಿಧಾನದ ಮರ. ಸೀಳಿ ಒಟ್ಟಿದ ಮೇಲೆ ಒಂದೆರಡು ವರ್ಷವೇ ಬೇಕು. ಈಗ ಕಡಿದದ್ದನ್ನು ಈ ಚಳಿಗೇ ಉರಿಸುತ್ತೇನೆ ಅಂದರೆ ಆಗುವುದಿಲ್ಲ.

ಕಟ್ಟಿಗೆಯನ್ನು ಹತ್ತಿರದಿಂದಲೇ ಕೊಳ್ಳಿ. ಆಶ್ ಮರಗಳನ್ನು ಒಣಗಿಸಿ ಕೊಲ್ಲುವ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಜೀರುಂಡೆ 2002ರಲ್ಲಿ ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು ನಿಮ್ಮ ರಾಜ್ಯದಲ್ಲೇ, ಡೆಟ್ರಾಯಿಟ್ ಹತ್ತಿರ. ಅದು ಊರಿಂದೂರಿಗೆ ಹೋದದ್ದರಲ್ಲಿ ಜನ ಕಾರಿನಲ್ಲಿ ಹಾಕಿಕೊಂಡು ಹೋದ ಕಟ್ಟಿಗೆಯ ಪಾಲು ದೊಡ್ಡದು.

ಪ್ರಶ್ನೆ: ನಮ್ಮದು ಹಾಸನದ ಕಡೆ ಹಳ್ಳಿ. ಹಂಡೆ ಒಲೆಗೆ ಬೇಕಾದ ಸೌದೆಯನ್ನು ಜಗಲಿ ಮೇಲೆ ಗೋಡೆಗೆ ಒಟ್ಟುತ್ತೇವೆ. ಗೆದ್ದಲು ಸೌದೆ ಮುಗಿಸಿ ಈಗ ಬಾಗಿಲ ಚೌಕಟ್ಟಿಗೆ ಬಂದಿದೆ. ಸುಟ್ಟ ಎಂಜಿನ್ ಆಯಿಲ್ ಬಳಿದರೆ ಹೋಗುತ್ತಾ?

ಉತ್ತರ: ಸೌದೆಗೆ ಎಂಜಿನ್ ಆಯಿಲ್ ಬಳಿದು ಆಮೇಲೆ ಅದನ್ನೇ ಒಲೆಗಿಟ್ಟರೆ ಸ್ನಾನದ ಮನೆ ತುಂಬ ಕೆಟ್ಟ ಹೊಗೆ. ಗೆದ್ದಲು ಬರುವುದು ಮಣ್ಣಿನಿಂದ. ಅದಕ್ಕೆ ತೇವವೂ ಕತ್ತಲೆಯೂ ಬೇಕು, ಬಯಲಿನಲ್ಲಿ ಬರಲಾರದು. ಅದಕ್ಕೇ ಮಣ್ಣಿನ ಕೊಳವೆ ಕಟ್ಟಿಕೊಂಡು ಹತ್ತುತ್ತದೆ. ನಿಮ್ಮ ಸೌದೆಯ ಬೆನ್ನು ಗೋಡೆಗೆ ತಾಗಿದ್ದರಿಂದ ಆ ಕೊಳವೆ ಯಾರ ಕಣ್ಣಿಗೂ ಬೀಳಲಿಲ್ಲ. ಗೋಡೆಯಿಂದ ಒಂದು ಗೇಣು ಈಚೆ, ನೆಲದಿಂದ ಒಂದು ಕಲ್ಲಿನಷ್ಟು ಮೇಲೆ ಇಟ್ಟರೆ ಅದು ಬರುವುದು ಕಾಣುತ್ತದೆ. ಕಂಡದ್ದನ್ನು ಕಡ್ಡಿಯಿಂದ ಕೆರೆದು ತೆಗೆಯಿರಿ. ಎರಡು ಸಾಲು ಸೈಜುಗಲ್ಲು, ಅದರ ಮೇಲೆ ಎರಡು ಕಬ್ಬಿಣದ ಎಲ್ ಆಂಗಲ್, ಇಷ್ಟೇ ಸಾಕು ನಿಮಗೆ. ಸ್ಟ್ಯಾಂಡ್ ಮರದ್ದೇ ಆಗಬೇಕು ಅಂದರೆ ಅದರ ಕಾಲಿಗೆ ಮಾತ್ರ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ, ಕರಾವಳಿಯಲ್ಲಿ ಹಳಬರು ಮರಕ್ಕೆ ಅದನ್ನೇ ಹಚ್ಚುತ್ತಿದ್ದರು. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ಬಾಗಿಲ ಚೌಕಟ್ಟಿಗೆ ಬಂದದ್ದಕ್ಕೆ ಗೆದ್ದಲಿನ ಔಷಧಿಯವರನ್ನೇ ಕರೆಸಿ. ಅದು ಮನೆಮದ್ದಿಗೆ ನಿಲ್ಲುವ ಹಂತ ದಾಟಿದೆ.

ಪ್ರಶ್ನೆ: ಬಿದಿರಿನಲ್ಲಿ ಸ್ಟ್ಯಾಂಡ್ ಮಾಡಬಹುದಾ? ಮನೆ ಹಿಂದೆ ಹಿಂಡಲೇ ಇದೆ. (ಶಿರಸಿ)

ಉತ್ತರ: ಮಾಡಬಹುದು, ಆದರೆ ಕಡಿದ ದಿನವೇ ಮಾಡಬೇಡಿ. ಬಿದಿರಿನಲ್ಲಿ ಪಿಷ್ಟ ಜಾಸ್ತಿ, ಅದನ್ನು ತಿನ್ನಲು ಹುಳು ಬಂದು ಹಿಟ್ಟು ಉದುರಿಸುತ್ತದೆ. ಬಲಿತ ಗಳ ಕಡಿದು ಕೆಲವು ವಾರ ಹರಿಯುವ ಹಳ್ಳದಲ್ಲೋ ಕೆರೆಯಲ್ಲೋ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸಿ. ನೀರಿನಿಂದ ತೆಗೆಯುವಾಗ ನಾರುತ್ತದೆ, ಹೆದರಬೇಡಿ. ಮೊಳೆ ಹೊಡೆದರೆ ಸೀಳುತ್ತದೆ. ತೂತು ಕೊರೆದು ಬೋಲ್ಟು ಹಾಕಿ, ಗೆಣ್ಣಿನ ಹತ್ತಿರ ಬರುವ ಹಾಗೆ ನೋಡಿಕೊಳ್ಳಿ. ಅಡಿಗಂಬ ಮಾತ್ರ ಮರದ್ದೇ ಇರಲಿ. ಕೆಲಸ ಬೇಡವೇ ಬೇಡ ಅನ್ನುವವರಿಗೆ ಅಡಿಕೆ ದಬ್ಬೆ ಇದೆ. ಕಲ್ಲಿನ ಮೇಲೆ ನಾಲ್ಕು ದಬ್ಬೆ ಹಾಸಿ ಒಟ್ಟಿ, ಹಾಳಾದಾಗ ಆ ದಬ್ಬೆಯನ್ನೂ ಒಲೆಗೇ ಹಾಕಿ.

ಪ್ರಶ್ನೆ: ಕಟ್ಟಿಗೆ ಸಂದಿಯಲ್ಲಿ ಹಾವು ಸೇರುತ್ತೆ ಅಂತ ಮನೆಯಲ್ಲಿ ಸ್ಟ್ಯಾಂಡೇ ಬೇಡ ಅಂತಾರೆ. ಏನು ಮಾಡಲಿ? (ಸಕಲೇಶಪುರ)

ಉತ್ತರ: ಅವರ ಭಯ ಸುಮ್ನೆ ಅಲ್ಲ. ಆದರೆ ಹಾವು ಸೇರುವುದು ನೆಲಕ್ಕೆ ತಾಗಿದ ರಾಶಿಯ ಅಡಿಗೆ, ಇಲಿಯನ್ನು ಹುಡುಕಿಕೊಂಡು. ನೆಲದಿಂದ ಒಂದಡಿ ಎತ್ತರಿಸಿ ಕೆಳಗೆ ಏನನ್ನೂ ತುರುಕದಿದ್ದರೆ ಟಾರ್ಚ್ ಬಿಟ್ಟಾಗ ಆಚೆ ಕಡೆಯವರೆಗೂ ಕಾಣುತ್ತದೆ. ಹಳೇ ಗೋಣಿ, ಹುಲ್ಲು, ಕೋಳಿಗೂಡು ಯಾವುದೂ ಅದರ ಪಕ್ಕ ಬೇಡ. ಕಟ್ಟಿಗೆ ತೆಗೆಯುವುದು ಮೇಲಿನಿಂದ, ಹಗಲಲ್ಲಿ. ನಡುವೆ ಕೈ ತೂರಿಸಿ ಎಳೆಯುವ ಅಭ್ಯಾಸ ಮಕ್ಕಳಿಗೆ ಮೊದಲು ಬಿಡಿಸಿ. ಸಂಜೆಗೆ ಬೇಕಾದದ್ದನ್ನು ಮಧ್ಯಾಹ್ನವೇ ಒಳಗೆ ತಂದಿಡಿ. ಕೊಳಕುಮಂಡಲವಾಗಲಿ ನಾಗರವಾಗಲಿ ಕಂಡರೆ ಹಾವು ಹಿಡಿಯುವವರಿಗೆ ಫೋನ್ ಮಾಡಿ ದೂರ ನಿಂತು ನೋಡುತ್ತಿರಿ. ಕಚ್ಚಿತು ಅಂದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಏನೂ ಬೇಡ, ಅಲುಗಾಡಿಸದೆ ನೇರ ಆಸ್ಪತ್ರೆಗೆ.

ಪ್ರಶ್ನೆ: ನಮ್ಮನೆಯವರು ಆನ್‌ಲೈನಲ್ಲಿ ಕಬ್ಬಿಣದ ಪೈಪಿನ ಕಟ್ಟಿಗೆ ಸ್ಟ್ಯಾಂಡ್ ತರಿಸಿದ್ದಾರೆ. ಒಂದೇ ತಿಂಗಳಿಗೆ ಎರಡೂ ಕೈ ಅಗಲಿಸಿ ನಿಂತಿದೆ. ವಾಪಸ್ ಕೊಡುವ ದಿನ ಮುಗಿದಿದೆ. (ಮೈಸೂರು)

ಉತ್ತರ: ಬೈಯಬೇಡಿ ಅವರಿಗೆ, ಅದನ್ನು ಉಳಿಸಬಹುದು. ಪೂರ್ತಿ ಖಾಲಿ ಮಾಡಿ. ಪೈಪುಗಳನ್ನು ಒಳಕ್ಕೆ ಒತ್ತಿ ನೆಟ್ಟಗೆ ಮಾಡಿ. ಅರ್ಧ ಎತ್ತರಕ್ಕೆ ಕಟ್ಟಿಗೆ ಒಟ್ಟಿದ ಮೇಲೆ ಈ ತುದಿಯ ಪೈಪಿನಿಂದ ಆ ತುದಿಯ ಪೈಪಿಗೆ, ಮುಂದೊಂದು ಹಿಂದೊಂದು, ಜಿಐ ತಂತಿ ಬಿಗಿದು ಕಟ್ಟಿ. ಅದರ ಮೇಲೆ ಮತ್ತೆ ಒಟ್ಟಿ. ತಂತಿ ಮೇಲಿನ ಕಟ್ಟಿಗೆಯ ಭಾರಕ್ಕೆ ಸಿಕ್ಕಿಕೊಂಡು ಎರಡೂ ಕೈಯನ್ನು ಹಿಡಿದಿಡುತ್ತದೆ. ತುದಿಯ ಸಾಲುಗಳನ್ನು ಒಂದು ಉದ್ದ ಒಂದು ಅಡ್ಡವಾಗಿ ಇಟ್ಟರೆ ಅವು ತಾವೇ ನಿಲ್ಲುತ್ತವೆ, ಪೈಪಿಗೆ ಕೆಲಸವೇ ಇರುವುದಿಲ್ಲ. ಬಣ್ಣ ಎದ್ದ ಕಡೆ ಉಜ್ಜಿ ರೆಡ್ ಆಕ್ಸೈಡ್ ಬಳಿಯಲು ಅವರಿಗೇ ಹೇಳಿ.